ದಡದಲ್ಲಿ ತಪ್ಪು, ದೋಣಿಯಲ್ಲಿ ಸರಿ?

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುವ ಸುದ್ದಿ ಇದು. ಊರ ಹೊರಗಿನ ತೋಪಿನಲ್ಲಿ ಅಂದರ್–ಬಾಹರ್ ಆಡುತ್ತಿದ್ದ ಎಂಟು ಮಂದಿಯ ಬಂಧನ. ನಗದು, 52 ಇಸ್ಪೀಟು ಎಲೆ, ಒಂದು ಹಳೆಯ ಚಾಪೆ ವಶ. ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 87. ಯುಗಾದಿ ಹತ್ತಿರ ಬಂತೆಂದರೆ ಮಂಡ್ಯ, ಹಾಸನದ ಕಡೆ ಇಂಥ ಸುದ್ದಿ ಇನ್ನೂ ಹೆಚ್ಚು.

ಈಗ ಬೆಳಗಾವಿಯಿಂದ ಹೊರಟು ಚೋರ್ಲಾ ಘಾಟಿ ಇಳಿಯಿರಿ. ಮೂರು–ನಾಲ್ಕು ತಾಸಿನ ದಾರಿ. ಪಣಜಿಯ ಮಾಂಡೋವಿ ನದಿಯಲ್ಲಿ ಮೈತುಂಬ ದೀಪ ಹಾಕಿಕೊಂಡು ನಿಂತ ಹಡಗುಗಳು ಕಾಣುತ್ತವೆ. ಒಳಗೆ ಅದೇ ಅಂದರ್–ಬಾಹರ್, ಅದೇ 52 ಎಲೆ. ಚಾಪೆಯ ಬದಲು ಬಟ್ಟೆ ಹಾಸಿದ ಮೇಜು, ತೋಪಿನ ಗಾಳಿಯ ಬದಲು ಎ.ಸಿ., ಎಲೆ ಹಂಚುವವರಿಗೆ ಯೂನಿಫಾರ್ಮ್. ಇಲ್ಲಿ ಯಾರನ್ನೂ ಯಾರೂ ಹಿಡಿಯುವುದಿಲ್ಲ. ಲೈಸೆನ್ಸ್ ಕೊಟ್ಟವರು ಸರ್ಕಾರದವರೇ, ತೆರಿಗೆ ಎತ್ತುವವರೂ ಅವರೇ.

ತೋಪಿನಲ್ಲಿ ತಪ್ಪಾದದ್ದು ಹಡಗಿನಲ್ಲಿ ಹೇಗೆ ಸರಿಯಾಯ್ತು?

‘ಅದು ಆ ರಾಜ್ಯದ ಕಾನೂನು, ಇದು ಈ ರಾಜ್ಯದ ಕಾನೂನು’ ಅಂತೀರಾ? ಅಷ್ಟು ಸಲೀಸಲ್ಲ. ಗೋವಾದಲ್ಲೂ ಜೂಜು ಮೂಲತಃ ಅಪರಾಧವೇ. 1976ರ ಸಾರ್ವಜನಿಕ ಜೂಜು ಕಾಯ್ದೆ ಹಾಗೇ ಹೇಳುತ್ತದೆ. 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೆ ಒಪ್ಪಿಗೆ ಕೊಟ್ಟರು. 1996ರಲ್ಲಿ ಇನ್ನೊಂದು ತಿದ್ದುಪಡಿ: ಎಲೆ ಹಂಚುವ, ಚಕ್ರ ತಿರುಗಿಸುವ ಆಟಗಳನ್ನು ಕಡಲಾಚೆಯ ಹಡಗುಗಳಲ್ಲಿ ಆಡಬಹುದು. ಕಾಯ್ದೆಯಲ್ಲಿರುವುದು ಕಡಲಾಚೆ. ಹಡಗು ನಿಂತಿರುವುದು ನದಿಯಲ್ಲಿ, ಪಣಜಿಯ ರಸ್ತೆಯ ಎದುರಿಗೇ. ದಡದಲ್ಲಿ ಟಿಕೆಟ್ ತೆಗೆದುಕೊಂಡು ಸಣ್ಣ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ನೀವು ‘ಕಡಲಾಚೆ’ ಇರುತ್ತೀರಿ.

ಅಂದಹಾಗೆ ಈ ಮಾಂಡೋವಿ ಬೇರೆ ಯಾವುದೂ ಅಲ್ಲ, ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ. ಈ ನೀರಿಗಾಗಿ ಎರಡು ರಾಜ್ಯಗಳೂ ವರ್ಷಗಟ್ಟಲೆ ಬಡಿದಾಡಿವೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು. ಪಾಯಿಂಟಿನಾಚೆ ಎರಡು ಅಂಕೆಯವರೆಗೂ ಲೆಕ್ಕ! ಅದೇ ನೀರಿನ ಮೇಲೆ ರಾತ್ರಿಯಿಡೀ ನಡೆಯುವ ಇನ್ನೊಂದು ಲೆಕ್ಕದ ಬಗ್ಗೆ ಮಾತ್ರ ಎರಡೂ ಕಡೆ ಅಷ್ಟೊಂದು ಮಾತಿಲ್ಲ.

ನೀರನ್ನು ಹೀಗೆ ಅಡ್ಡ ಇಟ್ಟುಕೊಳ್ಳುವ ಉಪಾಯ ಗೋವಾದವರು ಕಂಡುಹಿಡಿದದ್ದಲ್ಲ. 1938ರಲ್ಲಿ ಟೋನಿ ಕೊರ್ನೆರೊ ಎಂಬಾತ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ಎದುರು, ದಡದಿಂದ ಮೂರು ಮೈಲಿಗಿಂತ ತುಸು ಆಚೆ, ‘ರೆಕ್ಸ್’ ಎಂಬ ಜೂಜಿನ ಹಡಗು ನಿಲ್ಲಿಸಿದ. ಆಗ ಕಾನೂನಿನ ಕೈ ಮೂರು ಮೈಲಿಯವರೆಗೆ ಮಾತ್ರ ಚಾಚುತ್ತಿತ್ತು. 1939ರ ಆಗಸ್ಟಿನಲ್ಲಿ ಅಧಿಕಾರಿಗಳು ಹಡಗು ಹತ್ತಲು ಬಂದಾಗ ಒಳಗಿನವರು ಬೆಂಕಿ ಆರಿಸುವ ಪೈಪಿನಿಂದ ನೀರು ಹಾರಿಸಿ ತಡೆದರು. ಕೋರ್ಟಿನಲ್ಲಿ ನಡೆದ ವಾದ ಇನ್ನೂ ಸ್ವಾರಸ್ಯದ್ದು. ಜೂಜು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಸಾಂತಾ ಮೋನಿಕಾ ಕೊಲ್ಲಿಯೋ, ತೆರೆದ ಕಡಲೋ? ಮೂರು ಮೈಲಿಯನ್ನು ಎಲ್ಲಿಂದ ಅಳೆಯಬೇಕು? ಕೊಲ್ಲಿ ಎಂದು ಕೋರ್ಟು ತೀರ್ಮಾನಿಸಿತು, ಕೊರ್ನೆರೊ ಸೋತ.

ಇವತ್ತಿನ ದೊಡ್ಡ ಕ್ರೂಸ್ ಹಡಗುಗಳ ಕತೆಯೂ ಹೆಚ್ಚು ಬೇರೆಯಲ್ಲ. ಬಂದರಿನಲ್ಲಿ ನಿಂತಿರುವಾಗ ಕ್ಯಾಸಿನೋ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ದೇಶದ ಕಡಲ ಗಡಿ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಅದು ದಾಟಿದ ಮೇಲೆ ಹಡಗಿಗೆ ಅನ್ವಯಿಸುವುದು ಅದರ ಬಾವುಟದ ದೇಶದ ಕಾನೂನು. ಬಾವುಟ ಬಹಳ ಸಲ ಪನಾಮಾದ್ದೋ ಬಹಾಮಾಸ್‌ದ್ದೋ ಆಗಿರುತ್ತದೆ. ಊಟದ ಮೇಜಿನಲ್ಲಿ ಕುಳಿತವನು ಅದೇ, ಜೇಬಿನ ದುಡ್ಡೂ ಅದೇ. ಗಡಿಯ ಈಚೆ ಕೂಡದ್ದು ಆಚೆ ಮನರಂಜನೆ.

ಇರಲಿ. ಇದನ್ನೆಲ್ಲ ಸಮರ್ಥಿಸುವವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಅವರು ಹೇಳುವುದು ಇಷ್ಟು: ಬರುವವರು ವಯಸ್ಕರು. ಗೋವಾದಲ್ಲಂತೂ 21 ತುಂಬದವರನ್ನು ಆಟದ ಕೋಣೆಗೆ ಬಿಡುವುದಿಲ್ಲ. ಅವರ ದುಡ್ಡು, ಅವರ ಇಷ್ಟ. ಯಾರೂ ಯಾರಿಗೂ ಮೋಸ ಮಾಡುತ್ತಿಲ್ಲ. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿದೆ, ಬೊಕ್ಕಸಕ್ಕೆ ಹಣ ಬರುತ್ತಿದೆ. ನಿಮಗೇನ್ರೀ ಹೊಟ್ಟೆನೋವು?

ಮೋಸ ಇಲ್ಲ ಎಂಬುದು ನಿಜ, ಮೋಸದ ಅಗತ್ಯವೇ ಇಲ್ಲ. ರೂಲೆಟ್ ಚಕ್ರವನ್ನೇ ನೋಡಿ. ಒಂದರಿಂದ 36ರವರೆಗಿನ ಅಂಕೆಗಳು, ಜೊತೆಗೆ ಒಂದು ಸೊನ್ನೆ, ಒಟ್ಟು 37 ಮನೆ. 37 ಮನೆಗೂ ನೂರು ನೂರು ರೂಪಾಯಿ ಇಟ್ಟಿರಿ ಅನ್ನಿ, 3,700 ಆಯ್ತು. ಚೆಂಡು ಯಾವ ಮನೆಯಲ್ಲಿ ಬಿದ್ದರೂ ನಿಮಗೆ 35 ಪಟ್ಟು ಮತ್ತು ನೀವಿಟ್ಟ ನೂರು ವಾಪಸ್, ಅಂದರೆ 3,600. ಉಳಿದ ನೂರು ಹಡಗಿನದು. ಇದನ್ನು ಯಾರೂ ಮುಚ್ಚಿಟ್ಟಿಲ್ಲ, ಚಕ್ರದ ಮೇಲೆಯೇ ಬರೆದಿದೆ. ಗೆದ್ದದ್ದನ್ನು ಮತ್ತೆ ಇಡುತ್ತಾ ಹೋದರೆ ಸರಾಸರಿಯಲ್ಲಿ ಪ್ರತಿ ಸುತ್ತಿಗೂ ಇದೇ ಪಾಲು ಸವೆಯುತ್ತದೆ.

‘ರೈತನೂ ಮಳೆಯ ಜೊತೆ ಜೂಜಾಡುತ್ತಾನಲ್ಲ?’ ಎಂದು ಕೇಳುವವರಿದ್ದಾರೆ. ಆಡುತ್ತಾನೆ. ಆದರೆ ಮಳೆ ಬಂದರೆ ಜೋಳ ಬೆಳೆಯುತ್ತದೆ, ನಾಲ್ಕು ಮನೆಯಲ್ಲಿ ರೊಟ್ಟಿ ಆಗುತ್ತದೆ. ಮಳೆಗೆ ಅವನನ್ನು ಸೋಲಿಸುವುದರಿಂದ ಲಾಭವೇನೂ ಇಲ್ಲ. ಹಡಗಿನಲ್ಲಿ ಎದುರಿಗೆ ಕುಳಿತವನ ಸಂಪಾದನೆ ಪೂರಾ ನಿಮ್ಮ ಸೋಲೇ.

ಇಷ್ಟಾದರೂ ತಪ್ಪೆಲ್ಲಿದೆ ಎಂಬ ಪ್ರಶ್ನೆ ಉಳಿದೇ ಇದೆ. ಗೊತ್ತಿದ್ದೂ ಸೋಲಲು ಒಪ್ಪುವವನನ್ನು ತಡೆಯಲು ನಾವು ಯಾರು? ಒಪ್ಪಿಗೆ ಇದ್ದಲ್ಲಿ ಅನ್ಯಾಯ ಎಲ್ಲಿಂದ ಬಂತು?

ಈ ಪ್ರಶ್ನೆಗೆ ನನಗೆ ಕಂಡ ಅತ್ಯುತ್ತಮ ಉತ್ತರ ಇರುವುದು ಒಂದು ಹಳೆಯ ಜೂಜಿನ ಸಭೆಯಲ್ಲಿ. ಧರ್ಮರಾಯನನ್ನು ಯಾರೂ ಕಟ್ಟಿಹಾಕಿ ಕರೆತಂದಿರಲಿಲ್ಲ. ಪಗಡೆ ಎಂದು ತಿಳಿದೇ ಬಂದ, ಒಂದೊಂದಾಗಿ ತಾನೇ ಒಡ್ಡಿದ. ಕೊನೆಗೆ ದ್ರೌಪದಿಯನ್ನು ಕರೆತರಲು ಆಳು ಬಂದಾಗ ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಸಭೆಗೆ ಒಂದು ಪ್ರಶ್ನೆ ಕಳಿಸಿದಳು: ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು? ಭೀಷ್ಮ ಧರ್ಮ ಸೂಕ್ಷ್ಮ ಅಂದು ಸುಮ್ಮನಾದ. ಎದ್ದು ಮಾತಾಡಿದವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಜೂಜಿನಂಥ ವ್ಯಸನದಲ್ಲಿ ಮುಳುಗಿದವನು ಮಾಡಿದ್ದನ್ನು ಲೋಕ ಮಾಡಿದ್ದೆಂದೇ ಗಣಿಸುವುದಿಲ್ಲ ಎಂಬುದು ಅವನ ವಾದದ ತಿರುಳು.

ಈ ಕಣ್ಣಿನಿಂದ ಹಡಗನ್ನು ನೋಡಿ. ಹುಬ್ಬಳ್ಳಿಯ ಒಬ್ಬ ಕಿರಾಣಿ ಅಂಗಡಿಯವನನ್ನು ಊಹಿಸಿಕೊಳ್ಳಿ. ಗೆಳೆಯರ ಜೊತೆ ಶುಕ್ರವಾರ ಹೊರಟಿದ್ದಾನೆ. ‘ಹತ್ತು ಸಾವಿರ ಅಷ್ಟೇ, ಹೋದ್ರೆ ಹೋಯ್ತು’ ಎಂದು ದಡದಲ್ಲಿ ನಿರ್ಧರಿಸಿದ್ದಾನೆ. ಇದು ಅವನ ನಿರ್ಧಾರ, ನಾನು ಒಪ್ಪುತ್ತೇನೆ. ಹಡಗು ಹತ್ತಿದ ಮೇಲೆ ಏನಾಗುತ್ತದೆ? ನೋಟು ಕೊಟ್ಟು ಬಿಲ್ಲೆ ತೆಗೆದುಕೊಳ್ಳುತ್ತಾನೆ. ಐದುನೂರರ ನೋಟನ್ನು ಎಣಿಸಿ ಕೊಡುವಾಗ ಕೈ ತಡೆಯುತ್ತದೆ, ಬಣ್ಣದ ಬಿಲ್ಲೆ ತಳ್ಳುವಾಗ ತಡೆಯುವುದಿಲ್ಲ. ಟಿಕೆಟ್ಟಿನ ಜೊತೆ ಬಂದ ಕೆಲವು ಬಿಲ್ಲೆಗಳನ್ನು ಹಣಕ್ಕೆ ಬದಲಾಯಿಸಿಕೊಳ್ಳುವಂತಿಲ್ಲ, ಆಡಿಯೇ ತೀರಿಸಬೇಕು. ಹೀಗೆ ಮೊದಲ ಆಟ ಪುಕ್ಕಟೆಯಾಗಿ ಶುರು. ಊಟ, ಕುಡಿತ ಟಿಕೆಟ್ಟಿನಲ್ಲೇ ಸೇರಿದೆ. ಗೋಡೆಯಲ್ಲಿ ಗಡಿಯಾರ ಹುಡುಕಿದರೂ ಸಿಗುವುದು ಕಷ್ಟ. ಮಕ್ಕಳನ್ನು ಬಿಡಲು ಬೇರೆ ಕೋಣೆ ಇರುವ ಹಡಗೂ ಇದೆ. ವಿದೇಶಿ ಕ್ರೂಸುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಕೋಣೆಯ ಬಾಗಿಲು ತೆಗೆಯುವ ಕಾರ್ಡಿನಿಂದಲೇ ಜೂಜನ್ನೂ ಆಡಬಹುದು, ಲೆಕ್ಕ ಕೋಣೆಯ ಬಿಲ್ಲಿಗೆ ಸೇರುತ್ತದೆ.

ರಾತ್ರಿ ಮೂರಕ್ಕೆ ಫೋನ್ ತೆಗೆದು ಖಾತೆಯಿಂದ ಇನ್ನೂ ನಲವತ್ತು ಸಾವಿರ ಎತ್ತುವವನು ದಡದಲ್ಲಿ ಮಾತು ಕೊಟ್ಟ ಆ ಮನುಷ್ಯನೇನಾ? ಸೋಮವಾರ ಸಾಲಿಗನಿಗೆ ಕೊಡಬೇಕಾದ ದುಡ್ಡು ಅದು. ಆಮೇಲೆ ಮನೆಯ ಬಂಗಾರ ಒತ್ತೆಗೆ ಹೋಗುವುದೂ ಅದರ ಮುಂದುವರಿಕೆಯೇ. ಆ ಬಂಗಾರ ಯಾರದು? ಅವಳು ದೋಣಿ ಹತ್ತಿರಲಿಲ್ಲ, ಅವಳನ್ನು ಯಾರೂ ಕೇಳಿರಲಿಲ್ಲ. ಒಪ್ಪಿಗೆ ಒಪ್ಪಿಗೆ ಎಂದು ಹೇಳುವವರು ದ್ರೌಪದಿಯ ಪ್ರಶ್ನೆಗೆ ಇಲ್ಲಿ ಉತ್ತರ ಕೊಡಬೇಕು. ಅವನು ಮೊದಲು ತನ್ನನ್ನು ಸೋತು ಆಮೇಲೆ ಅವಳದ್ದನ್ನು ಒಡ್ಡಿದ.

ಹಾಗಾದರೆ ಹೆಂಡದಂಗಡಿಯೂ ಅಷ್ಟೇ ಅಲ್ವಾ ಎನ್ನಬಹುದು. ಬಹಳಷ್ಟು ಅಷ್ಟೇ. ಒಂದು ವ್ಯತ್ಯಾಸವಿದೆ. ಕುಡಿತಕ್ಕೆ ದೇಹ ಎಲ್ಲೋ ಒಂದು ಕಡೆ ಸಾಕು ಅನ್ನುತ್ತದೆ. ಜೂಜಿಗೆ ಹೊಟ್ಟೆ ಇಲ್ಲ, ತುಂಬುವುದಿಲ್ಲ. ಸೋತವನಿಗೆ ಸೋತದ್ದನ್ನು ವಾಪಸ್ ತರುವ ಹಸಿವು, ಗೆದ್ದವನಿಗೆ ಇನ್ನಷ್ಟು ಗೆಲ್ಲುವ ಹಸಿವು. ಮನುಷ್ಯ ತನ್ನ ಹಿಡಿತ ತಪ್ಪುವ ಆ ಹೊತ್ತಿಗಾಗಿಯೇ ಇಡೀ ಹಡಗನ್ನು ಸಜ್ಜು ಮಾಡಿದ್ದರೆ, ಬಾಗಿಲಲ್ಲಿ ಪಡೆದ ಒಪ್ಪಿಗೆ ಅಲ್ಲಿಯವರೆಗೆ ಬಾಳುವುದಿಲ್ಲ. ತಪ್ಪು ಇರುವುದು ಅಲ್ಲಿ, ಇಸ್ಪೀಟಿನ ಎಲೆಯಲ್ಲಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 2020ರ ಫೆಬ್ರವರಿ 1ರಿಂದ ಗೋವಾದವರೇ ಗೋವಾದ ಕ್ಯಾಸಿನೋಗೆ ಆಡಲು ಹೋಗುವಂತಿಲ್ಲ ಎಂದು ಅಲ್ಲಿನ ಸರ್ಕಾರ ನಿರ್ಬಂಧ ತಂದಿತು. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ನಿರುಪದ್ರವಿಯಾಗಿದ್ದರೆ ತನ್ನ ಜನಕ್ಕೆ ಯಾಕೆ ಬೇಡ? ಹಾನಿಕರ ಎನ್ನುವುದಾದರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನವರಿಗೆ ಯಾಕೆ ಬೇಕು? ತನ್ನ ಮನೆ ಮಕ್ಕಳಿಗೆ ಕೊಡದ ತಿಂಡಿಯನ್ನು ಪಕ್ಕದ ಮನೆಯವರಿಗೆ ಮಾರಿದ ಹಾಗೆ.

ನಮ್ಮದೇನು ಸಾಚಾ ಮುಖವಲ್ಲ. 2007ರಲ್ಲಿ ನಮ್ಮ ಸರ್ಕಾರ ಲಾಟರಿ ನಿಲ್ಲಿಸಿತು, ಒಳ್ಳೆಯದೇ ಆಯ್ತು. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಮಾತ್ರ ಕುದುರೆ ಓಡುತ್ತಲೇ ಇತ್ತು. ಕುದುರೆ ರೇಸು ಕೌಶಲದ ಆಟ ಎಂದು 1996ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಕೇಂದ್ರ ಸರ್ಕಾರ 2025ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಮಾಂಡೋವಿಯ ಹಡಗುಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಅಲ್ಲಿ ತೆರಿಗೆ ಮಾತ್ರ ಏರಿತು: ಶೇ 28 ಇದ್ದ ಜಿಎಸ್‌ಟಿ ಸೆಪ್ಟೆಂಬರ್‌ನಿಂದ ಶೇ 40. ಕೌಟಿಲ್ಯ ಕೂಡ ಜೂಜನ್ನು ಒಂದೇ ಜಾಗದಲ್ಲಿ, ಅಧ್ಯಕ್ಷನ ಕಣ್ಣೆದುರು ಆಡಿಸಬೇಕು ಅಂದಿದ್ದ. ಗೆದ್ದ ಹಣದಲ್ಲಿ ನೂರಕ್ಕೆ ಐದು ರಾಜನಿಗೆ. ಆಟಗಾರರ ನಡುವೆ ಸೇರಿಕೊಂಡ ಕಳ್ಳರನ್ನು ಪತ್ತೆ ಮಾಡಲು ಅನುಕೂಲ ಎಂಬುದು ಅವನ ಕಾರಣ. ನಮಗೆ ಆ ಕಾರಣವೂ ಉಳಿದಿಲ್ಲ, ಪಾಲು ಮಾತ್ರ ಎಂಟು ಪಟ್ಟಾಗಿದೆ. ಅವತ್ತಿನ ಸಭೆಯಲ್ಲಿ ಕುರುಡು ದೊರೆ ಮತ್ತೆ ಮತ್ತೆ ‘ಗೆದ್ದನೇ? ಗೆದ್ದನೇ?’ ಎಂದು ಕೇಳುತ್ತಿದ್ದನಂತೆ. ಬೊಕ್ಕಸ ಕೇಳುವ ಪ್ರಶ್ನೆಯೂ ಅದೇ.

ಪೂರ್ತಿ ನಿಷೇಧಿಸಿ ಅಂತ ನಾನು ಹೇಳುತ್ತಿಲ್ಲ. ನಿಷೇಧಿಸಿದ ಜೂಜು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಮ್ಮೂರಿನ ಓಸಿ ಚೀಟಿ ಬರೆಯುವವರು ತೋರಿಸಿಕೊಟ್ಟಿದ್ದಾರೆ. ಆದರೆ ಒಂದು ದಾರಿ ಒಮ್ಮೆ ಇತ್ತು. ಅಮೆರಿಕದ ಅಯೋವಾ ರಾಜ್ಯದಲ್ಲಿ 1991ರಲ್ಲಿ ನದಿ ಹಡಗುಗಳ ಜೂಜು ಶುರುವಾದಾಗ ಕಾನೂನಿನಲ್ಲಿ ಎರಡು ಕಟ್ಟು ಇದ್ದವು. ಒಂದು ಬಾಜಿಗೆ ಐದು ಡಾಲರಿಗಿಂತ ಹೆಚ್ಚು ಇಲ್ಲ. ಒಂದು ಪ್ರಯಾಣದಲ್ಲಿ ಒಬ್ಬ 200 ಡಾಲರಿಗಿಂತ ಹೆಚ್ಚು ಸೋಲುವಂತಿಲ್ಲ. ಮಿತಿಯನ್ನು ದಡದಲ್ಲೇ ಹಾಕಿ ಆಮೇಲೆ ದೋಣಿ ಹತ್ತಿಸುವ ಯೋಚನೆ ಅದು. ಅಕ್ಕಪಕ್ಕದ ರಾಜ್ಯಗಳಲ್ಲಿ ಮಿತಿ ಇಲ್ಲದ ಹಡಗುಗಳು ಬಂದವು, ಇಲ್ಲಿನ ಕೆಲವು ಹಡಗು ಅತ್ತ ಹೋದವು, 1994ರಲ್ಲಿ ಎರಡೂ ಕಟ್ಟನ್ನು ಬಿಚ್ಚಿದರು. ಮಿಸಿಸಿಪಿಯಲ್ಲಂತೂ 2005ರ ಕತ್ರೀನಾ ಚಂಡಮಾರುತ ತೇಲುವ ಕ್ಯಾಸಿನೋಗಳನ್ನೇ ದಡಕ್ಕೆ ಎತ್ತಿ ಎಸೆದ ಮೇಲೆ, ಕರಾವಳಿಯ ಕ್ಯಾಸಿನೋಗಳು ದಡದಿಂದ 800 ಅಡಿಯೊಳಗೆ ನೆಲದ ಮೇಲೆಯೇ ಇರಬಹುದು ಎಂದು ಕಾನೂನು ಬದಲಾಯಿತು. ನೀರು ಯಾವತ್ತೂ ತಡೆಯಾಗಿರಲಿಲ್ಲ, ನೆಪವಾಗಿತ್ತು.

ನೀರು ದಾಟುವ ಮೊದಲೇ ಹಾಕಿಕೊಂಡ ಮಿತಿ ಮಾತ್ರ ನಿಜವಾದ ತಡೆ. ಟಿಕೆಟ್ ಕೊಡುವಾಗಲೇ ‘ಎಷ್ಟರವರೆಗೆ?’ ಎಂದು ಕೇಳಿ ಬರೆದುಕೊಂಡು, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಆಡಿಸಬಾರದು ಎಂದು ಕಾಯ್ದೆ ಮಾಡಲು ಏನು ಕಷ್ಟ? ಒಪ್ಪಿಗೆಯ ಬಗ್ಗೆ ಅಷ್ಟು ಗೌರವ ಇರುವವರು ದಡದ ಒಪ್ಪಿಗೆಯನ್ನೇ ಹಡಗಿನಲ್ಲೂ ನಡೆಸಿಕೊಡಲಿ.

ಕಾಯ್ದೆ ಬರುವುದು ಬಿಡುವುದು ಅವರಿಗೆ ಬಿಟ್ಟದ್ದು. ನಿಮ್ಮ ಗೆಳೆಯರ ಗುಂಪು ಮುಂದಿನ ಸಲ ಹೊರಟಾಗ ಇಷ್ಟಾದರೂ ಮಾಡಿ. ದೋಣಿ ಹತ್ತುವ ಮೊದಲು ಪ್ರತಿಯೊಬ್ಬರೂ ಮನೆಗೆ ಫೋನ್ ಮಾಡಿ, ಇವತ್ತು ಇಷ್ಟು ದುಡ್ಡು ಕಳೆಯಬಹುದು ಅಂತ ಅಂಕೆ ಹೇಳಲಿ. ಆಚೆಯವರು ಆಯ್ತು ಅಂದರೆ ಖುಷಿಯಾಗಿ ಹೋಗಿ ಆಡಿ ಬನ್ನಿ. ಮನೆಯವರಿಗೆ ಹೇಳಲು ಬಾಯಿ ಬರದ ಅಂಕೆಯನ್ನು ಮೇಜಿನ ಮೇಲೆ ಇಡಬೇಡಿ.