ರೂಪಾರ್ಪಣವೂ ಭಾವಚಿತ್ರದ ಕಣ್ಣೂ

ಮದುವೆಯ ಪಟವಾಗಲಿ, ಹಿರಿಯರ ಪುಣ್ಯಸ್ಮರಣೆಯ ಪಟವಾಗಲಿ, ತಿದ್ದುಪಡಿಯಿಲ್ಲದೆ ಸ್ಟುಡಿಯೋದಿಂದ ಹೊರಬೀಳುವುದು ಇಂದು ಅಪರೂಪ. ತಿದ್ದುವವನ ಕೈ ಮೊದಲು ಹೋಗುವುದು ಕಣ್ಣಿಗೆ. ಬಿಳಿಯ ಭಾಗದಲ್ಲಿ ಕಾಣುವ ಕೆಂಪು ಗೆರೆಗಳನ್ನು ಅಳಿಸುವುದು, ರೆಪ್ಪೆಯ ಕೆಳಗಣ ಕಪ್ಪನ್ನು ತಿಳಿಗೊಳಿಸುವುದು, ಪಾಪೆಯ ಮೇಲೆ ಹೊಳಪಿನ ಚುಕ್ಕೆಯೊಂದನ್ನಿಡುವುದು, ಚಿಕ್ಕ ಕಣ್ಣನ್ನು ಹಿಗ್ಗಿಸುವುದು, ಇವೆಲ್ಲ ನಿತ್ಯದ ಕೆಲಸಗಳಾಗಿವೆ. ಚಾಳಿ ಹೊಸದೇನಲ್ಲ. ಮ್ಯೂನಿಕ್ ನಗರದ ಫ್ರಾನ್ಸ್ ಹಾನ್ಫ್‌ಸ್ಟೆಂಗಲ್ ಎಂಬವನು 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದೇ ಭಾವಚಿತ್ರದ ತಿದ್ದಿದ ಪ್ರತಿಯನ್ನೂ ತಿದ್ದದ ಪ್ರತಿಯನ್ನೂ ಜೊತೆಯಾಗಿ ತೋರಿಸಿ ಜನರನ್ನು ಬೆರಗುಗೊಳಿಸಿದನು. ಸೀಸದಕಡ್ಡಿ ಕುಂಚಗಳಿಂದ ಆಗುತ್ತಿದ್ದ ಆ ಕೆಲಸವು 1990ರಲ್ಲಿ ಫೋಟೋಶಾಪ್ ಎಂಬ ತಂತ್ರಾಂಶ ಮಾರುಕಟ್ಟೆಗೆ ಬಂದ ಮೇಲೆ ಗಣಕಯಂತ್ರದ ಪಾಲಾಯಿತು. 2016ರಿಂದೀಚೆಗೆ ಅದೇ ತಂತ್ರಾಂಶವು ಮುಖದಲ್ಲಿ ಕಣ್ಣೆಲ್ಲಿದೆಯೆಂದು ತಾನೇ ಗುರುತಿಸಿ, ಅದರ ಗಾತ್ರವನ್ನೂ ಓರೆಯನ್ನೂ ಎರಡು ಕಣ್ಣುಗಳ ನಡುವಣ ಅಂತರವನ್ನೂ ಕ್ಷಣಮಾತ್ರದಲ್ಲಿ ಮಾರ್ಪಡಿಸುತ್ತದೆ. ಕುಂಚದವನಿಗೆ ಕೆಲಸ ಮಾಡುತ್ತ ಯೋಚಿಸಲು ಒಂದಿಷ್ಟು ವೇಳೆಯಾದರೂ ಸಿಗುತ್ತಿತ್ತು.

ಲೋಕವು ಇದನ್ನು ಅಲಂಕಾರವೆಂದೆಣಿಸಿ ಬಿಡಬಹುದು. ಲಿಂಗವಂತನಿಗೆ ಹಾಗೆ ಬಿಡಲು ಬಾರದು. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ ನೆಲೆಗೊಂಡಿರುವಂತೆ ನೇತ್ರದಲ್ಲಿ ಶಿವಲಿಂಗವು ನೆಲೆಗೊಂಡಿದೆಯೆಂಬುದು ಷಟ್‌ಸ್ಥಲ ಸಿದ್ಧಾಂತ. ಕಣ್ಣಿಗೆ ವಿಷಯವಾದ ರೂಪವು ಆ ಶಿವಲಿಂಗಕ್ಕೆ ಅರ್ಪಿತವಾಗತಕ್ಕ ಪದಾರ್ಥ. ಅರ್ಪಿಸಿದ ಮೇಲೆ ಅದು ಪ್ರಸಾದ. ಪ್ರಸಾದವೆಂದ ಬಳಿಕ ಸಿಹಿಯನ್ನಾಯ್ದು ಕಹಿಯನ್ನು ಬಿಡುವ ಹಕ್ಕು ಭಕ್ತನಿಗಿಲ್ಲ. ತಟ್ಟೆಯಲ್ಲಿ ಒಂದಗುಳನ್ನೂ ಬಿಡದೆ ಈ ನಿಯಮವನ್ನು ಪಾಲಿಸುವ ಮನೆಗಳು ರೂಪದ ವಿಷಯದಲ್ಲಿ ಅದನ್ನು ಮರೆತುಬಿಡುವುದು ವಿಚಿತ್ರವೇ ಸರಿ. ಮಗಳ ಮುಖ, ತಂದೆಯ ಮುಖ ಇವೂ ಹಾಗೆ ಬಂದ ಪ್ರಸಾದಗಳಲ್ಲವೇ?

ಇಲ್ಲಿ ಪೂರ್ವಪಕ್ಷವೊಂದುಂಟು. ಕಾಡಿಗೆ ಹಚ್ಚುವುದೂ ರೂಪವನ್ನು ತಿದ್ದಿದಂತೆಯೇ ಆಯಿತಲ್ಲ? ಅಲ್ಲದೆ ಕ್ಯಾಮರಾ ಏನು ಸತ್ಯಹರಿಶ್ಚಂದ್ರನೇ? ಮಬ್ಬುಗತ್ತಲಲ್ಲಿ ಪಾಪೆ ಅಗಲವಾಗಿ ತೆರೆದಿರುವಾಗ ಫ್ಲ್ಯಾಷಿನ ಬೆಳಕು ಒಳಹೊಕ್ಕು, ಕಣ್ಣಿನ ಹಿಂಭಾಗದ ರಕ್ತಭರಿತ ಪದರಕ್ಕೆ ತಾಗಿ ಹಿಂದಿರುಗಿದರೆ, ಪಟದಲ್ಲಿ ಕಣ್ಣು ಕೆಂಡದಂತೆ ಕಾಣುತ್ತದೆ. ಅದನ್ನು ಕಪ್ಪಾಗಿಸಿದರೆ ತಪ್ಪೇನು? ತಪ್ಪಿಲ್ಲ. ಅಂಥ ಕೆಂಗಣ್ಣನ್ನು ಎದುರಿನಲ್ಲಿ ಯಾರೂ ಕಂಡವರಲ್ಲ; ಅದು ಯಂತ್ರ ಮೆತ್ತಿದ ಕೊಳೆ, ಕನ್ನಡಿಯ ಧೂಳಿನಂತೆ ಒರಸತಕ್ಕದ್ದು. ಕನ್ನಡಕದ ಗಾಜಿನ ಮಿಂಚನ್ನು ತೆಗೆಯುವುದಕ್ಕೂ ಇದೇ ನ್ಯಾಯ. ಇನ್ನು ಕಾಡಿಗೆಯೆಂಬುದು ಮುಖದ ಮೇಲೆಯೇ ಇದೆ. ಎದುರಿಗೆ ಬಂದವರೂ ಅದನ್ನು ಕಾಣುತ್ತಾರೆ. ಪಟದಲ್ಲಿದ್ದು ಮುಖದಲ್ಲಿಲ್ಲದ ಅಂದದ ಮಾತು ಬೇರೆ.

ಯಂತ್ರದ ಕೊಳೆಯನ್ನು ತೊಳೆಯುವಾಗಲೂ ಒಂದು ಎಚ್ಚರ ಬೇಕು. ಮಕ್ಕಳಿರುವ ಗೃಹಸ್ಥರು ಇದನ್ನು ಮನಸ್ಸಿನಲ್ಲಿಡಬೇಕು. ಎಳೆಯ ಮಕ್ಕಳ ಫ್ಲ್ಯಾಷ್ ಪಟಗಳಲ್ಲಿ ಒಂದು ಪಾಪೆ ಕೆಂಪಾಗಿಯೋ ಕಪ್ಪಾಗಿಯೋ ಇದ್ದು ಇನ್ನೊಂದು ಬೆಳ್ಳಗೆ ಹೊಳೆಯುವುದುಂಟು. ಎಷ್ಟೋ ವೇಳೆ ಅದು ಬೆಳಕು ಬಿದ್ದ ಕೋನದಿಂದಲೇ ಆದದ್ದಿರಬಹುದು. ಆದರೆ ಕೆಲವು ವೇಳೆ ಅದು ಹುಟ್ಟಿನಿಂದ ಬಂದ ಪೊರೆಯ ಗುರುತು. ಕೆಲವು ವೇಳೆ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರಿನ ಮೊದಲ ಕುರುಹು. ಈ ರೋಗವು ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳಿಗೆ ತಗಲುವಂಥದು. ಬೇಗನೆ ತಿಳಿದುಬಂದರೆ ಮಗುವನ್ನು ಉಳಿಸಿಕೊಳ್ಳುವುದು ಸಾಧ್ಯ; ಅನೇಕರಲ್ಲಿ ಕಣ್ಣನ್ನೂ ಉಳಿಸಬಹುದು. ದಿನವೂ ಎತ್ತಿ ಆಡಿಸುವ ತಾಯಿಗೂ ತೋರದಿದ್ದುದನ್ನು ಪಟವು ತೋರಿಸಿಕೊಟ್ಟಿರುವಾಗ, ಹುಟ್ಟುಹಬ್ಬದ ಚಿತ್ರ ಅಂದವಾಗಿರಲೆಂದು ಆ ಬಿಳುಪಿಗೆ ಕಪ್ಪು ತುಂಬಿಬಿಟ್ಟರೆ ಗತಿಯೇನು? ತುಂಬಿದವನಲ್ಲಿ ದುರ್ಬುದ್ಧಿ ಲೇಶವೂ ಇಲ್ಲ. ಅವನು ನೋಡಿದ್ದು ಪಟವನ್ನು, ಮಗುವನ್ನಲ್ಲ. ಅಂಥ ಹೊಳಪನ್ನು ಕಂಡವರು ಒಂದು ದಿನವೂ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಮಗುವನ್ನು ಕರೆದೊಯ್ಯಬೇಕು. ಆ ತಿದ್ದದ ಪಟವನ್ನೂ ಜೊತೆಗೆ ಒಯ್ಯಬೇಕು.

ಕನ್ಯೆಯ ಪಟದ ಮಾತು ಇನ್ನೊಂದು ಬಗೆಯದು. ಸಂಬಂಧ ನೋಡುವವರಿಗೆ ಕಳುಹಿಸುವ ಪಟದಲ್ಲಿ ಮಗಳ ಮೆಳ್ಳೆಗಣ್ಣನ್ನು ನೆಟ್ಟಗೆ ಮಾಡಿಸುವ ತಂದೆತಾಯಿಗಳು ಅದನ್ನು ಮಮತೆಯೆಂದೇ ನಂಬಿರುತ್ತಾರೆ. ಬೀಗರಾಗುವವರು ಮನೆಗೆ ಬಂದ ದಿನ ಗುಟ್ಟು ರಟ್ಟಾಗುವುದು, ಮಾತಿಗೆ ಮಾತು ಬೆಳೆಯುವುದು, ಇವು ಹೇಗೋ ತೀರುವ ಕಷ್ಟಗಳು. ಪಟವನ್ನು ತಿದ್ದಿಸಿದ ದಿನವೇ ಆ ಹುಡುಗಿಗೆ, ಇಷ್ಟು ವರ್ಷ ತನ್ನನ್ನು ಮುದ್ದಿಸಿದವರು ತನ್ನ ಕಣ್ಣನ್ನು ಏನೆಂದೆಣಿಸಿದ್ದರೆಂಬುದು ತಿಳಿದುಹೋಗುತ್ತದೆ. ಆ ಗಾಯ ಬೇಗ ಮಾಯುವುದಲ್ಲ. ಅಂತರಂಗ ಬಹಿರಂಗಗಳು ಒಂದಾಗಿರಬೇಕೆಂಬ ಶರಣರ ಬೋಧೆಯನ್ನು ಬೆಳಗಿನ ಪೂಜೆಯಲ್ಲಿ ಬಾಯಿಪಾಠವಾಗಿ ಒಪ್ಪಿಸಿದ ಮನೆಯಲ್ಲಿಯೇ ಇದು ನಡೆಯುತ್ತದೆ. ಮೆಳ್ಳೆಗಣ್ಣಿಗೆ ಚಿಕಿತ್ಸೆಯುಂಟು, ಅದನ್ನು ಮಾಡಿಸಿದರೆ ಮಗಳಿಗೆ ಉಪಕಾರ. ಪಟಕ್ಕೆ ಮಾಡಿಸಿದ ಚಿಕಿತ್ಸೆಯಿಂದ ಮಗಳಿಗೆ ಬಂದದ್ದೇನು?

ಎಲ್ಲಕ್ಕಿಂತ ಕಠಿನವಾದದ್ದು ಲಿಂಗೈಕ್ಯರಾದ ಹಿರಿಯರ ಪಟ. ಮನುಷ್ಯನು ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ರೆಪ್ಪೆ ಮಿಟುಕಿಸುವುದರಿಂದ, ಇದ್ದ ಒಂದೇ ಪಟದಲ್ಲಿ ಅಜ್ಜಿ ಕಣ್ಣು ಮುಚ್ಚಿಕೊಂಡಿರುವುದು ಅಸಂಭವವೇನಲ್ಲ. ಮೊಮ್ಮಕ್ಕಳು ಅದನ್ನು ಸ್ಟುಡಿಯೋಗೆ ಒಯ್ದು ಕಣ್ಣು ತೆರೆಸಿಕೊಡಿರೆಂದು ಬೇಡುತ್ತಾರೆ. ಈ ಬೇಡಿಕೆಯನ್ನು ನಗೆಯಾಡಲಾಗದು. ಪ್ರೀತಿಯ ನೋಟವನ್ನು ಇನ್ನೊಮ್ಮೆ ಕಾಣುವ ಹಂಬಲ ಅದು. ಆಕೆಯದೇ ಮತ್ತೊಂದು ಚಿತ್ರ ಸಿಕ್ಕಿ ಅದರಿಂದ ಕಣ್ಣುಗಳನ್ನು ತಂದು ಕೂಡಿಸಿದರೆ, ನೋಟವು ಆಕೆಯದೇ ಎಂದು ಒಪ್ಪಬಹುದು. ಬೇರೆ ಯಾರದೋ ಕಣ್ಣುಗಳನ್ನು ಇಟ್ಟರೆ, ಇಲ್ಲವೆ ಯಂತ್ರವೇ ಊಹಿಸಿ ಬರೆದ ಕಣ್ಣುಗಳನ್ನು ಇಟ್ಟರೆ, ಆ ಕಣ್ಣುಗಳು ಈ ಮನೆಯ ಒಬ್ಬರನ್ನೂ ಎಂದೂ ನೋಡಿದವಲ್ಲ. ಹೂಮಾಲೆ ಹಾಕಿ ಕೈಮುಗಿಯುವ ಎಳೆಯರು ಅದನ್ನೇ ಅಜ್ಜಿಯ ದೃಷ್ಟಿಯೆಂದು ನಂಬಿ ಬೆಳೆಯುತ್ತಾರೆ.

ದೃಷ್ಟಿಯೆಂಬ ಮಾತು ಈ ಪಂಥದಲ್ಲಿ ಹಗುರವಾದುದಲ್ಲ. ಅಲ್ಲಮಪ್ರಭುವಿಗೆ ಲಿಂಗವು ದೊರೆತದ್ದು ಅನಿಮಿಷನ ಕರಸ್ಥಲದಿಂದ. ಎವೆಯಿಕ್ಕದೆ ಲಿಂಗವನ್ನೇ ನೋಡುತ್ತ ಕುಳಿತಿದ್ದ ಆ ಗುರುವು ಬಾಯಿಬಿಟ್ಟು ಬೋಧಿಸಲಿಲ್ಲವೆಂದು ಶರಣರ ಚರಿತೆ ಹೇಳುತ್ತದೆ. ದೃಷ್ಟಿಯೋಗದಲ್ಲಿ ಕುಳಿತ ಸಾಧಕನೂ ಎಡಗೈಯ ಮೇಲಣ ಇಷ್ಟಲಿಂಗದ ಕರಿಯ ಮೈಯಲ್ಲಿ ದೀಪದ ಬೆಳಕಿನ ಬಿಂದುವನ್ನು ನೋಡುತ್ತಾನೆ. ಅಲ್ಲಿ ದೀಪವಿದೆ, ಆದುದರಿಂದ ಬಿಂದುವಿದೆ. ಪಟದ ಪಾಪೆಯ ಮೇಲೆ ತಿದ್ದುವವನಿಟ್ಟ ಚುಕ್ಕೆಗೆ ಎದುರಿನಲ್ಲಿ ಯಾವ ದೀಪವೂ ಇರಲಿಲ್ಲ.

ಮುಚ್ಚಿದ ಕಣ್ಣು ಊನವೆಂದು ಭಾವಿಸುವವರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಬೇಕು. 1944ರಲ್ಲಿ ಲಿಂಗೈಕ್ಯರಾದ ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಅವರ ಶಿಷ್ಯರಾಗಿ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಕನ್ನಡ, ಸಂಸ್ಕೃತ, ಹಿಂದೀ ಮೂರು ಭಾಷೆಗಳಲ್ಲಿಯೂ ಗ್ರಂಥಗಳನ್ನು ರಚಿಸಿದವರು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಗೋಡೆಯ ಮೇಲೆ ಅವರ ಪಟವಿದೆ. ಅದರಲ್ಲಿ ಕಣ್ಣುಗಳನ್ನು ತೆರೆಸಿ, ಬೆಳ್ಳಗೆ ತೊಳೆದು, ಹೊಳಪಿಟ್ಟು ತೂಗುಹಾಕಿದರೆ, ಕೈಮುಗಿಯಲು ಬಂದ ಭಕ್ತರು ಇವರಾರೆಂದು ಕೇಳುವರು. ಆಶ್ರಮದಲ್ಲಿ ಅವರ ಬಳಿ ಸ್ವರ ಕಲಿತ ಅಂಧಮಕ್ಕಳಿಗಾದರೋ ಪಟದ ಹಂಗೇ ಇರಲಿಲ್ಲ. ಅವರು ಗುರುವನ್ನು ಕಂಠದಿಂದ ಬಲ್ಲರು, ತಲೆಯ ಮೇಲಿಟ್ಟ ಕೈಯಿಂದ ಬಲ್ಲರು.