ಮೌನ ಸಮ್ಮತಿಯೇ?

'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಹೆಣ್ಣು ನೋಡಲು ಬಂದಾಗ ತಲೆ ತಗ್ಗಿಸಿದರೆ ಒಪ್ಪಿಗೆ. ಆಸ್ತಿ ಪಾಲಾಗುವಾಗ ತುಟಿ ಬಿಚ್ಚದಿದ್ದರೂ ಒಪ್ಪಿಗೆ. ಮಾತಾಡದವರು ನಿಜವಾಗಿಯೂ ಒಪ್ಪಿರುತ್ತಾರೆಯೇ? ನಾಲ್ವರು ಸಂಗೀತಗಾರರ ವ್ಯಾಜ್ಯವೊಂದರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೂ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು.

ಪಂಕ್ ಸಂಗೀತದ ಅಬ್ಬರ ಇಳಿದ ಮೇಲೆ ಅಲ್ಲಿ ಹುಟ್ಟಿಕೊಂಡ ತಂಡಗಳಲ್ಲಿ 'ದಿ ಸ್ಮಿತ್ಸ್' ಒಂದು. 1982ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಹಾಡುಗಾರ ಮೊರಿಸ್ಸಿ ಮತ್ತು ಗಿಟಾರ್ ನುಡಿಸುವ ಜಾನಿ ಮಾರ್ ಇದನ್ನು ಕಟ್ಟಿದರು. ಸಾಹಿತ್ಯ ಮೊರಿಸ್ಸಿಯದು, ರಾಗ ಮಾರ್‌ನದು. ಮಾರ್‌ನ ಶಾಲಾ ಗೆಳೆಯ ಆಂಡಿ ರೋರ್ಕ್ ಬೇಸ್ ಗಿಟಾರ್ ಹಿಡಿದ; ಮೈಕ್ ಜಾಯ್ಸ್ ಡ್ರಮ್ ಬಾರಿಸಿದ. 1985ರಲ್ಲಿ ಅವರ ಎರಡನೆಯ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ 1987ರಲ್ಲಿ ಮಾರ್ ಹೊರನಡೆದ. ನಾಲ್ಕನೆಯ ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ತಂಡವೇ ಉಳಿದಿರಲಿಲ್ಲ. ಐದೇ ವರ್ಷದ ಸಂಸಾರ!

ಮನೆ ಒಡೆದಾಗಲೇ ಅಲ್ಲವೇ ಲೆಕ್ಕಪತ್ರ ಹೊರಬರುವುದು? ಧ್ವನಿಮುದ್ರಣ ಮತ್ತು ಕಾರ್ಯಕ್ರಮಗಳ ಲಾಭದಲ್ಲಿ ಮೊರಿಸ್ಸಿ, ಮಾರ್ ಇಬ್ಬರಿಗೂ ತಲಾ ಶೇಕಡ 40. ರೋರ್ಕ್ ಮತ್ತು ಜಾಯ್ಸ್‌ಗೆ ತಲಾ ಶೇಕಡ 10. ಹಾಡು ಬರೆದದ್ದಕ್ಕೆ ಮೊದಲಿಬ್ಬರಿಗೆ ಸಿಗುತ್ತಿದ್ದ ಹಣ ಬೇರೆಯೇ ಇತ್ತು. ಅದರ ಬಗ್ಗೆ ಯಾರ ತಕರಾರೂ ಇರಲಿಲ್ಲ. ರೆಕಾರ್ಡ್ ಕಂಪನಿಯ ಕರಾರಿಗೆ ಸಹಿ ಹಾಕಿದ್ದವರೂ ಅವರಿಬ್ಬರೇ.

ಜಾಯ್ಸ್ ದಾವೆ ಹೂಡಿದ. 1996ರ ಡಿಸೆಂಬರಿನಲ್ಲಿ ತೀರ್ಪು ಅವನ ಪರವಾಗಿ ಬಂತು. ಪಾಲುದಾರರ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ಸಮಪಾಲು ಎನ್ನುತ್ತದೆ ಅಲ್ಲಿನ 1890ರ ಕಾಯ್ದೆ. ನಮ್ಮ 1932ರ ಪಾಲುದಾರಿಕೆ ಕಾಯ್ದೆ ಹೇಳುವುದೂ ಇದನ್ನೇ. 'ಲೆಕ್ಕಪತ್ರ ಕಳಿಸಿದಾಗ ಅವನು ಆಕ್ಷೇಪಿಸಲಿಲ್ಲವಲ್ಲ' ಎಂಬ ವಾದವೂ ನಿಲ್ಲಲಿಲ್ಲ. ಪಾಲು ಎಷ್ಟೆಂದು ತಿಳಿಯಹೇಳದೆ, ಸುಮ್ಮನಿದ್ದುದನ್ನೇ ಒಪ್ಪಿಗೆ ಎನ್ನಲಾಗದು ಎಂದಾಯಿತು. 1998ರಲ್ಲಿ ಮೊರಿಸ್ಸಿಯ ಮೇಲ್ಮನವಿಯೂ ಬಿತ್ತು. ಜಾಯ್ಸ್‌ಗೆ ನಾಲ್ಕರಲ್ಲಿ ಒಂದು ಪಾಲು, ಹಳೆಯ ಬಾಕಿ ಸುಮಾರು 10 ಲಕ್ಷ ಪೌಂಡ್ ದಕ್ಕಿತು.

ಆದರೆ ನನ್ನ ಮನಸ್ಸು ಗೆದ್ದವನಿಗಿಂತ ರೋರ್ಕ್‌ನ ಸುತ್ತಲೇ ಸುಳಿಯುತ್ತದೆ. ಅವನೂ 1989ರಲ್ಲಿ ಜಾಯ್ಸ್ ಜೊತೆಗೇ ಕಾನೂನಿನ ದಾರಿ ಹಿಡಿದಿದ್ದ. ಕೈಯಲ್ಲಿ ಹಣವಿಲ್ಲ, ಮೇಲೆ ಸಾಲ. 83,000 ಪೌಂಡ್ ಪಡೆದು, ಮುಂದೆಯೂ ಶೇಕಡ 10 ಸಾಕೆಂದು ರಾಜಿಯಾಗಿಬಿಟ್ಟ. ಒಂದೇ ವೇದಿಕೆ, ಒಂದೇ ದುಡಿಮೆ. ಕಾಯಬಲ್ಲವನಿಗೆ ಕಾಲು ಭಾಗ, ಕಾಯಲಾಗದವನಿಗೆ ಹತ್ತನೆಯ ಒಂದು ಭಾಗ. 2023ರಲ್ಲಿ ರೋರ್ಕ್ ತೀರಿಕೊಂಡ. ಕಾನೂನಿನ ಕಣ್ಣಿಗೆ ಅವನದು ಸ್ಪಷ್ಟ ಒಪ್ಪಿಗೆ, ಸಹಿ ಇದೆ. ಹಸಿದವನು ಹಾಕಿದ ಸಹಿಯನ್ನು ಮನಸ್ಸಿನ ಒಪ್ಪಿಗೆ ಎನ್ನೋಣವೇ?

ಮೊರಿಸ್ಸಿ, ಮಾರ್ ಇಲ್ಲದಿದ್ದರೆ ತಂಡವೇ ಇರುತ್ತಿರಲಿಲ್ಲ, ಹೆಚ್ಚು ಹೊತ್ತವರಿಗೆ ಹೆಚ್ಚು ಬೇಡವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಪಾಲು ಸಮವಾಗಿಯೇ ಇರಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಹೆಚ್ಚು ತೆಗೆದುಕೊಳ್ಳುವವರು ಅದನ್ನು ಎದುರು ಕುಳಿತು, ಬಾಯಿ ಬಿಟ್ಟು ಹೇಳಬೇಕು. ಕೇಳಿಸಿಕೊಂಡವರಿಗೆ 'ಆಗದು' ಎನ್ನುವ ಶಕ್ತಿಯೂ ಇರಬೇಕು. ಇವೆರಡೂ ಇಲ್ಲದ ಕಡೆ ಒಪ್ಪಿಗೆ ಎಂಬುದು ಬಲವಿದ್ದವರು ತಮ್ಮ ಸಮಾಧಾನಕ್ಕೆ ಇಟ್ಟುಕೊಂಡ ಹೆಸರಷ್ಟೆ.

ನಮ್ಮ ಮನೆಗಳಲ್ಲೂ ಹಾಗೆಯೇ. ತವರಿನ ಆಸ್ತಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟ ಅಕ್ಕತಂಗಿಯರಲ್ಲಿ ಎಷ್ಟು ಮಂದಿ ಆ ಪತ್ರವನ್ನು ಓದಿದ್ದರು? ಓದಿದವರಲ್ಲಿ ಎಷ್ಟು ಮಂದಿಗೆ, ತವರಿನ ಬಾಗಿಲು ಮುಚ್ಚೀತೆಂಬ ಭಯವಿರಲಿಲ್ಲ? ಇನ್ನು ನಾವೇ ಅತ್ತೆಯರೂ ಹಿರಿಯರೂ ಆಗಿ ಹಂಚುವ ಸ್ಥಾನದಲ್ಲಿದ್ದೇವೆ. ಸೊಸೆ ಸುಮ್ಮನಿದ್ದಾಳೆ, ಕೆಲಸದಾಕೆ ಕೊಟ್ಟಷ್ಟು ತೆಗೆದುಕೊಂಡಳು ಎಂದು ನೆಮ್ಮದಿ ಪಡುವ ಮೊದಲು ಒಮ್ಮೆ ಕೇಳೋಣ: "ಇದು ನಿನಗೆ ಸರಿಯೇನಮ್ಮಾ?" ಉತ್ತರ ಬರುವವರೆಗೂ ಕಾಯೋಣ.