ಪ್ರತಿ ಮತ್ತು ಅಂಕಿತ

ಒಂದೇ ಅಚ್ಚಿನಿಂದ ಇಪ್ಪತ್ತು ಚಿತ್ರಗಳು ಮೂಡಿದರೆ ಅವುಗಳಲ್ಲಿ ಮೂಲ ಯಾವುದು, ಪ್ರತಿ ಯಾವುದು? ಮೇಲ್ನೋಟಕ್ಕೆ ಇದು ಕಲಾವಿದರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ತೋರಬಹುದು. ಆದರೆ ಒಂದು ಚಿತ್ರವನ್ನೋ ಮಾತನ್ನೋ ಕ್ಷಣಾರ್ಧದಲ್ಲಿ ನೂರಾರು ಜನರಿಗೆ ಕಳುಹಿಸುವ ಸಾಧನ ಎಲ್ಲರ ಕೈಯಲ್ಲಿರುವ ಈ ಕಾಲದಲ್ಲಿ, ಅದು ಪ್ರತಿಯೊಬ್ಬರ ನೈತಿಕ ಪ್ರಶ್ನೆಯೂ ಆಗಿದೆ.

ಮುದ್ರಣಕಲೆ ನಮಗೆ ಅಪರಿಚಿತವಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಬಳಸುವುದು ಸುಣ್ಣಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸುವ ತಾಂಡೂರಿನ ಕಲ್ಲೂ ಅದೇ ಜಾತಿಯದು. ಜಹೀರಾಬಾದ್, ನಾರಾಯಣಖೇಡಗಳು ಸೇರಿದ್ದ ಹಳೆಯ ಮೆದಕ್ ಜಿಲ್ಲೆಯ ನಿಜಾಂಪುರದಲ್ಲಿ 1940ರಲ್ಲಿ ಜನಿಸಿದ ಲಕ್ಷ್ಮಾ ಗೌಡರು, ಈ ಸೀಮೆಯ ಹಳ್ಳಿಯ ಗಂಡು ಹೆಣ್ಣುಗಳನ್ನೂ ಆಡುಗಳನ್ನೂ ಲೋಹದ ತಗಡಿನ ಮೇಲೆ ಗೀರಿ, ಮುದ್ರಿಸಿ, ಲೋಕಕ್ಕೆ ತೋರಿಸಿದವರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಈ ಕಲೆಯ ಶ್ರಮ ಸಣ್ಣದಲ್ಲ. ತಗಡಿಗೆ ಮೇಣದ ಲೇಪ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿದಾಗ ಗೀರಿದ ಗೆರೆಗಳಷ್ಟೇ ಕೊರೆದುಕೊಳ್ಳುತ್ತವೆ. ಆ ಗೆರೆಗಳಿಗೆ ಮಸಿ ತುಂಬಿ, ತೇವದ ಕಾಗದವಿಟ್ಟು ಒತ್ತಬೇಕು. ಮೂಡುವ ಚಿತ್ರ ಎಡಬಲ ಅದಲುಬದಲಾಗಿರುತ್ತದೆ. ಇಷ್ಟೇ ಪ್ರತಿಗಳೆಂದು ಕಲಾವಿದ ಮೊದಲೇ ನಿಶ್ಚಯಿಸಿ, ಪ್ರತಿಯೊಂದರ ಕೆಳಗೆ ಸಂಖ್ಯೆ ಬರೆದು ಸಹಿ ಹಾಕುತ್ತಾನೆ. ಕೊನೆಯ ಪ್ರತಿ ಮುಗಿದ ಮೇಲೆ ತಗಡಿನ ಮೇಲೆ ಅಡ್ಡಗೆರೆ ಎಳೆದು ಅದನ್ನು ರದ್ದುಪಡಿಸುವ ರೂಢಿಯೂ ಉಂಟು. ಇದು ಕೊಳ್ಳುವವನಿಗೆ ಕೊಟ್ಟ ಮಾತು. ಇಲ್ಲಿ ಇಪ್ಪತ್ತೂ ಮೂಲಗಳೇ. ಏಕೆಂದರೆ ಪ್ರತಿಯೊಂದಕ್ಕೂ ಉತ್ತರ ಹೇಳಲು ಒಬ್ಬನಿದ್ದಾನೆ.

ಈಗಿನ ಕಲಾವಿದರು ಇಲ್ಲಿಗೇ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಜನಿಸಿ, ಶಾಂತಿನಿಕೇತನ ಮತ್ತು ಬರೋಡಾಗಳಲ್ಲಿ ಕಲಿತ ಅರ್ಚನಾ ಹಂದೆಯವರು ಮರದ ಅಚ್ಚಿನಿಂದ ಬಟ್ಟೆಯ ಮೇಲೆ ಮುದ್ರಿಸಿದ ಚಿತ್ರಗಳಿಗೆ ಚಲನೆ ಕೊಟ್ಟು 'ಆಲ್ ಈಸ್ ಫೇರ್ ಇನ್ ಮ್ಯಾಜಿಕ್ ವೈಟ್' ಎಂಬ ಕೃತಿಯನ್ನು ರಚಿಸಿದರು. ಮುಂಬಯಿಯ ಕೊಳೆಗೇರಿಯ ಬದುಕೂ ಬಿಳಿಬಣ್ಣದ ವ್ಯಾಮೋಹವೂ ಅದರ ವಸ್ತು. ವಿವಾಹ ಜಾಲತಾಣಗಳನ್ನು ಅಣಕಿಸಲು ಅವರು ಒಂದು ಜಾಲತಾಣವನ್ನೇ ಕಲಾಕೃತಿಯಾಗಿ ರೂಪಿಸಿದ್ದೂ ಉಂಟು.

"ಯಂತ್ರ ಮಾಡಿದ್ದು ಕಲೆಯೇ?" ಎಂದು ಹಿರಿಯರು ಕೇಳುವುದುಂಟು. ಮುದ್ರಣಯಂತ್ರವೂ ಯಂತ್ರವೇ ಅಲ್ಲವೆ? ವ್ಯತ್ಯಾಸ ಬೇರೆಡೆ ಇದೆ. ತಗಡು ಸವೆಯುತ್ತದೆ, ಮರ ಬಿರಿಯುತ್ತದೆ. ಮಿತಿಯನ್ನು ವಸ್ತುವೇ ವಿಧಿಸುತ್ತದೆ. ಗಣಕದ ಚಿತ್ರ ಎಷ್ಟು ಪ್ರತಿ ತೆಗೆದರೂ ಸವೆಯದು. ಹೊರಗಿನ ಮಿತಿ ಅಳಿದಲ್ಲಿ ಒಳಗಿನ ಮಿತಿಯನ್ನು ಮನುಷ್ಯನೇ ಕಟ್ಟಿಕೊಳ್ಳಬೇಕು.

ಹಿಂದೆ ಶಾಲೆಗಳಲ್ಲಿ ಸೈಕ್ಲೋಸ್ಟೈಲ್ ಇದ್ದುದು ಹಲವರಿಗೆ ನೆನಪಿರಬಹುದು. ಪ್ರಶ್ನೆಪತ್ರಿಕೆಗೆ ಸ್ಟೆನ್ಸಿಲ್ ಹಾಳೆ ಕೊರೆಯುವಾಗ ನಾವು ಉಪಾಧ್ಯಾಯರು ಉಸಿರು ಬಿಗಿಹಿಡಿದು ಬರೆಯುತ್ತಿದ್ದೆವು. ಅಲ್ಲಿ ಒಂದಕ್ಷರ ತಪ್ಪಿದರೆ ಇನ್ನೂರು ಮಕ್ಕಳ ಕೈಯಲ್ಲೂ ಅದೇ ತಪ್ಪು. ಪ್ರತಿಗಳು ಹೆಚ್ಚಿದಷ್ಟೂ ಮೊದಲ ಗೀರಿನ ಹೊಣೆ ಹೆಚ್ಚುತ್ತದೆ ಎಂಬುದೇ ಆ ಹಾಳೆಯ ಪಾಠ.

ಇದು ನಮ್ಮ ಪರಂಪರೆಗೆ ಹೊಸತಲ್ಲ. ವಚನಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಎಂಟು ಶತಮಾನಗಳನ್ನು ದಾಟಿ ಬಂದಿವೆ. ಆದರೂ ಬಸವಣ್ಣನವರ ಮಾತಿಗೆ ಕೂಡಲಸಂಗಮದೇವನೂ ಅಲ್ಲಮನ ಮಾತಿಗೆ ಗುಹೇಶ್ವರನೂ ಅಂಕಿತವಾಗಿ ಉಳಿದರು. ಆಡಿದ ಮಾತಿಗೆ ತಮ್ಮ ದೈವವನ್ನೇ ಸಾಕ್ಷಿಯಾಗಿ ನಿಲ್ಲಿಸಿದ ಶರಣರು ಅವರು. ಇಂದು ಅದೇ ಬಸವಣ್ಣನವರ ಹೆಸರಿನಲ್ಲಿ, ಅವರು ಆಡದ ಮಾತುಗಳು ವಾಟ್ಸಾಪಿನಲ್ಲಿ ಹರಿದಾಡುತ್ತವೆ. ಬರೆದವರು ಯಾರೋ ತಿಳಿಯದು. ದಾಟಿಸಿದವರು "ನನಗೆ ಬಂದದ್ದನ್ನು ಕಳುಹಿಸಿದೆ" ಎಂದು ಕೈ ತೊಳೆದುಕೊಳ್ಳುತ್ತಾರೆ.

ತೆಲುಗಿನ ನಡುವೆ ಕನ್ನಡವನ್ನು ಉಳಿಸಿಕೊಂಡು ಬಂದ ನಮ್ಮ ಮನೆಗಳಲ್ಲಿ, ಮಕ್ಕಳಿಗೆ ಕನ್ನಡ ಈಗ ಬಹುಪಾಲು ದೂರವಾಣಿಯ ಪರದೆಯ ಮೇಲೆಯೇ ದೊರೆಯುತ್ತಿದೆ. ಆ ಪರದೆಯನ್ನು ಕಸಿದುಕೊಳ್ಳುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಅಲ್ಲಿಯೂ ಮಕ್ಕಳು ಚಿತ್ರ ಬರೆಯಲಿ, ಪದ್ಯ ಕಟ್ಟಲಿ, ಹಂಚಲಿ. ಆದರೆ ಹಂಚುವ ಮುನ್ನ "ಇದರ ಕೆಳಗೆ ನನ್ನ ಹೆಸರು ಬರೆಯಬಲ್ಲೆನೆ?" ಎಂದು ತಮ್ಮನ್ನೇ ಕೇಳಿಕೊಳ್ಳುವುದನ್ನು ಹಿರಿಯರಾದ ನಾವು ಮೊದಲು ರೂಢಿಸಿಕೊಂಡು, ಬಳಿಕ ಅವರಿಗೆ ಕಲಿಸೋಣ.